ನೋಡದ ಹಳ್ಳಿಯ ಪರಿಚಯ

2021ರ ಮಾರ್ಚ್‌ನಿಂದ 2022ರ ಮೇ ಕೊನೆಯವರೆಗೆ ನಾನು ಸ್ಯಾನ್ ಡಿಯಾಗೋ ಹತ್ತಿರದ ಕಾರ್ಲ್ಸ್‌ಬಾಡ್‌ನ ನನ್ನ ಅಪಾರ್ಟ್‌ಮೆಂಟಿನಲ್ಲಿ ಕೂತು, ಜಾವಾ ದ್ವೀಪದ ಒಂದು ಬೇಸಾಯದ ಹಳ್ಳಿಯ ಬಗ್ಗೆ ವರದಿ ಬರೆದೆ. ಆ ಹಳ್ಳಿಯನ್ನು ನಾನು ನೋಡಿಲ್ಲ. ನಮ್ಮ ಬಾಸ್ ನೋಡಿಲ್ಲ. ವರದಿ ಬರೆಸಿದ ಗ್ರಾಹಕರೂ ನೋಡಿಲ್ಲ. ದೂರದಿಂದ ಅಳೆಯುವ ಕೆಲಸದಲ್ಲಿ ಕೆಲವು ಸಂಗತಿಗಳು ತಪ್ಪದೆ ಆಗುತ್ತವೆ. ಆದ ಕ್ರಮದಲ್ಲೇ ಬರೆಯುತ್ತೇನೆ.

ನಮ್ಮದು ಏಳು ಜನರ ಕಂಪನಿ. ಉಪಗ್ರಹದ ಚಿತ್ರ ನೋಡಿ, ಫೋನಿನಲ್ಲಿ ವಿಚಾರಿಸಿ, ಎಲ್ಲಿ ಏನು ಬೆಳೆಯುತ್ತಾರೆ ಎಂದು ಬರೆದುಕೊಡುವುದು ಕೆಲಸ. ಬಾಸ್ ಬೆಂಗಳೂರಿನವರು. ಇಪ್ಪತ್ತೈದು ವರ್ಷ ಟೆಲಿಕಾಂನಲ್ಲಿದ್ದು, ನಂತರ ಕೃಷಿಗೆ ಬಂದವರು. ಮನೆ ಡೈಮಂಡ್ ಬಾರ್ ಎಂಬ ಊರಿನಲ್ಲಿ. ಮಂಗಳವಾರ ಮಾತ್ರ ಡ್ರೈವ್ ಮಾಡಿಕೊಂಡು ಆಫೀಸಿಗೆ ಬರುತ್ತಿದ್ದರು. ನಾನೂ ಹೋಗುತ್ತಿದ್ದದ್ದು ಅಂದೇ. ನಾನು ದಾವಣಗೆರೆ ಪೇಟೆಯಲ್ಲಿ ಬೆಳೆದು, ಸ್ಯಾನ್ ಡಿಯಾಗೋದಲ್ಲಿ ಪರಿಸರ ವಿಜ್ಞಾನ ಓದಿದವಳು. ಈ ಕೆಲಸ ನನಗೆ ಕೊಡುವಾಗ ಬಾಸ್ ಹೇಳಿದ ಕಾರಣ ಒಂದೇ: "ನೀನು ಇಂಡಿಯಾದವಳು ನೋಡಮ್ಮ, ಭತ್ತ ಎಲ್ಲ ಗೊತ್ತಿರುತ್ತೆ." ಅವರೂ ಇಂಡಿಯಾದವರೇ.

ಜಾವಾ ಎಂದಾಗ ಇಲ್ಲಿನ ಸಾಫ್ಟ್‌ವೇರ್ ಕನ್ನಡದವರು ಕೇಳುತ್ತಿದ್ದ ಪ್ರಶ್ನೆಯನ್ನು ನೀವು ಊಹಿಸಬಲ್ಲಿರಿ. ಅದನ್ನು ಈ ಬರಹದಲ್ಲಿ ಸೇರಿಸುವುದಿಲ್ಲ.

ಒಪ್ಪಂದದಲ್ಲಿ ಒಂದು ಷರತ್ತು ಇತ್ತು. ವರದಿಯ ಮೇಲೆ ಆ ಹಳ್ಳಿಯ ಮುಖ್ಯಸ್ಥರ ಮೊಹರು ಬೀಳಬೇಕು, ಮೇ ಮೂವತ್ತೊಂದರೊಳಗೆ. ಬೀಳದಿದ್ದರೆ ಪ್ರಾಜೆಕ್ಟ್ ಇಲ್ಲ. ಪ್ರಾಜೆಕ್ಟ್ ಇಲ್ಲದಿದ್ದರೆ ನನ್ನ ಕೆಲಸ ಇಲ್ಲ. ಕೆಲಸ ಇಲ್ಲದಿದ್ದರೆ ವೀಸಾ ಪ್ರಕಾರ ಅರವತ್ತು ದಿನಗಳಲ್ಲಿ ದೇಶ ಬಿಡಬೇಕು. ಹೀಗೆ ನನ್ನ ಮುಂದಿನ ಬದುಕು ಹದಿನಾಲ್ಕು ಸಾವಿರ ಕಿಲೋಮೀಟರ್ ಆಚೆ, ಯಾರದೋ ಮೇಜಿನ ಡ್ರಾಯರ್‌ನಲ್ಲಿದ್ದ ಮೊಹರಿನಲ್ಲಿತ್ತು.

೧. ಓಡಾಡುವ ಸಂತೆ

ಕರೆ ಮಾಡುವ ಹೊತ್ತು ಇಲ್ಲಿ ಸಂಜೆ ಐದು, ಅಲ್ಲಿ ಮರುದಿನ ಬೆಳಿಗ್ಗೆ ಏಳು. ಆ ಕಡೆ ಹಳ್ಳಿಯ ಕಾರ್ಯದರ್ಶಿ, ಐವತ್ತರ ಆಸುಪಾಸಿನವರು, ಇಸ್ತ್ರಿ ಮಾಡಿದ ಖಾಕಿ ಅಂಗಿ. ಈ ಕಡೆ ನಾನು. ನಡುವೆ ಕಲ್ವರ್ ಸಿಟಿಯಿಂದ ದುಭಾಷಿ ಆಂಟಿ. ಅವರು ಜಾವಾದವರು, ಕೇಟರಿಂಗ್ ಮಾಡುತ್ತಿದ್ದರು. ಕೋವಿಡ್‌ನಲ್ಲಿ ಮದುವೆಗಳು ನಿಂತಿದ್ದರಿಂದ ನಮಗೆ ಸಿಕ್ಕರು. ನೇರವಾಗಿ ಪ್ರಶ್ನೆ ಕೇಳುವುದು ಅಸಭ್ಯ ಎಂದು ಅವರು ಮೊದಲ ದಿನವೇ ತೀರ್ಮಾನಿಸಿದ್ದರು. ಮನೆಯವರು, ಮೊಮ್ಮಗು, ಮಳೆ ಎಲ್ಲ ವಿಚಾರಿಸಿದ ಮೇಲೇ ನನ್ನ ಪ್ರಶ್ನೆ. ನಾನು ಗಡಿಯಾರ ನೋಡಿದ್ದೇನೆ. ಒಂದು ಗಂಟೆಯ ಕರೆಯಲ್ಲಿ ಕ್ಷೇಮ ಸಮಾಚಾರ ನಲವತ್ತು ನಿಮಿಷ.

ನಮ್ಮ ಫಾರ್ಮಿನಲ್ಲಿ ಇನ್ನೂರು ಹದಿನಾಲ್ಕು ಪ್ರಶ್ನೆ. ಸುಲಭವಾದದ್ದು: ಸಂತೆ ಯಾವ ದಿನ? ಸೋಮವಾರದಿಂದ ಭಾನುವಾರದವರೆಗೆ ಒಂದನ್ನು ಆರಿಸಬೇಕು. ಕಾರ್ಯದರ್ಶಿ ಈ ಸಲ ಸೋಮವಾರ ಎಂದರು. ಮುಂದಿನದು ಶನಿವಾರ. ಅದರ ಮುಂದಿನದು ಗುರುವಾರ. ಅಲ್ಲಿ ಸಂತೆ ನಡೆಯುವುದು ಐದು ದಿನಕ್ಕೊಮ್ಮೆ. ಆ ಐದು ದಿನಗಳಿಗೆ ಬೇರೆಯೇ ಹೆಸರುಗಳಿವೆ. ಏಳು ದಿನದ ವಾರ ಅದರ ಪಾಡಿಗೆ ಅದು ನಡೆಯುತ್ತದೆ.

ನಾನು ಬಾಸ್‌ಗೆ ಹೇಳಿದೆ. ಫಾರ್ಮ್ ಬದಲಾಯಿಸಲು ಆಗುವುದಿಲ್ಲ, ಗ್ರಾಹಕರು ಒಪ್ಪಿದ ಫಾರ್ಮ್ ಅದು ಎಂದರು. "ಯಾವುದಾದ್ರೂ ಒಂದು ದಿನ ಫಿಕ್ಸ್ ಮಾಡ್ಕೊಳ್ಳೋಕೆ ಹೇಳಮ್ಮ ಅವರಿಗೆ."

ಮುಂದಿನ ಕರೆಯಲ್ಲಿ ಇದನ್ನು ಆಂಟಿ ಬಹಳ ಮೃದುವಾಗಿ ದಾಟಿಸಿದರು. ಕಾರ್ಯದರ್ಶಿಗೆ ನನ್ನ ಮೇಲೆ ಮರುಕ ಬಂದಂತೆ ಕಂಡಿತು. "ನಮ್ಮ ಸಂತೆ ಮುತ್ತಜ್ಜನ ಕಾಲದಿಂದ ಫಿಕ್ಸ್ ಆಗಿದೆ, ಅಕ್ಕ. ಓಡಾಡುತ್ತಿರುವುದು ನಿಮ್ಮ ವಾರ."

೨. ಮೂರು ದಿನದ ಬೆಳೆ

ಏಪ್ರಿಲ್‌ನ ಚಿತ್ರಗಳಲ್ಲಿ ಹಳ್ಳಿಯ ನಡುವೆ ಒಂದು ಹಳದಿ ಪಟ್ಟಿ ಕಾಣಿಸಿತು. ಅಗಲ ನಾಲ್ಕು ಮೀಟರ್, ಉದ್ದ ಅರ್ಧ ಕಿಲೋಮೀಟರ್‌ಗಿಂತ ಹೆಚ್ಚು. ಸೋಮವಾರ ಇರಲಿಲ್ಲ, ಮಂಗಳವಾರ ಇತ್ತು, ಶುಕ್ರವಾರ ಮತ್ತೆ ಇರಲಿಲ್ಲ. ನಮ್ಮ ಸಾಫ್ಟ್‌ವೇರ್ ಇದನ್ನು ಬೆಳೆ ಎಂದು ಗುರುತಿಸಿತು. ನೀರು ಬೇಕಿಲ್ಲ, ಮೂರೇ ದಿನಕ್ಕೆ ಕಟಾವು. ಇಡೀ ಹಳ್ಳಿಯಲ್ಲಿ ಅತ್ಯಧಿಕ ಇಳುವರಿ ಅದರದ್ದೇ ಎಂದು ಲೆಕ್ಕ ಕೊಟ್ಟಿತು.

ನನಗೆ ಅದು ಏನೆಂದು ನೋಡಿದ ಕೂಡಲೇ ಗೊತ್ತಾಯಿತು. ಚಿಕ್ಕಂದಿನಲ್ಲಿ ದಾವಣಗೆರೆಯಿಂದ ಅತ್ತೆಯ ಊರಿಗೆ ಹೋಗುವಾಗ ನಮ್ಮ ಬಸ್ಸು ರಸ್ತೆಗೆ ಹಾಸಿದ ರಾಗಿ ತೆನೆ, ಹುರುಳಿ ಬಳ್ಳಿಗಳ ಮೇಲೆಯೇ ಸಾಗುತ್ತಿತ್ತು. ಸರ್ಕಾರ ಟಾರು ಹಾಕಿಸಿದ್ದೇ ಒಕ್ಕಣೆಗೆ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಈ ಹಳ್ಳಿಯವರು ಭತ್ತ ಒಣಗಿಸುತ್ತಿದ್ದರು, ಅಷ್ಟೆ. ಅದು ಗದ್ದೆಯಲ್ಲ, ಹಳ್ಳಿಯ ಮುಖ್ಯ ರಸ್ತೆ.

ಮಂಗಳವಾರ ಬಾಸ್ ಬಂದಾಗ ಹೇಳಿದೆ. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಬೆಂಗಳೂರಿನಲ್ಲಿ ಹೀಗೆ ರಸ್ತೆ ಮೇಲೆ ಯಾರೂ ಹಾಕುವುದಿಲ್ಲವಲ್ಲ ಎಂದರು. ಆಮೇಲೆ, ಆ ಬೆಳೆಯ ಸ್ಲೈಡ್ ನಿನ್ನೆಯೇ ಗ್ರಾಹಕರಿಗೆ ಹೋಗಿದೆ ಎಂದರು.

ಗುರುವಾರ ಗ್ರಾಹಕರಿಂದ ಈಮೇಲ್ ಬಂತು. ಬಹಳ ಸಂತೋಷವಾಗಿದೆಯಂತೆ. ಪರೀಕ್ಷೆಗೆ ಎರಡು ಕಿಲೋ ಬೀಜ ಬೇಕಂತೆ.

೩. ನಡೆದು ಹೋದ ಬಾತುಕೋಳಿಗಳು

ಜಾನುವಾರು ಲೆಕ್ಕದಲ್ಲಿ ಬಾತುಕೋಳಿಗೆ ಒಂದು ಕಾಲಂ ಇತ್ತು. ಮೊದಲ ಕರೆಯಲ್ಲಿ ಕಾರ್ಯದರ್ಶಿ ಸೊನ್ನೆ ಎಂದರು. ಎರಡು ವಾರದ ನಂತರ ಏಳುನೂರು. ಮತ್ತೆ ಎರಡು ವಾರಕ್ಕೆ ಸೊನ್ನೆ.

ಆಗ 2021. ಯಾವ ಅಂಕಿ ಇಳಿದರೂ ಎಲ್ಲರಿಗೂ ಒಂದೇ ಯೋಚನೆ. ಬಾಸ್ ಗ್ರಾಹಕರಿಗೆ 'ಪಕ್ಷಿಗಳಲ್ಲಿ ತೀವ್ರ ಸಾವು' ಎಂದು ಬರೆದರು. ಸಂತಾಪ ಸೂಚಿಸುವಂತೆ ನನಗೂ ಹೇಳಿದರು. ನಾನು ಸೂಚಿಸಿದೆ. ಕಾರ್ಯದರ್ಶಿಗೆ ಯಾರು ಸತ್ತರೆಂದು ತಿಳಿಯದೆ ಗಾಬರಿಯಾಯಿತು. ಆಂಟಿ ವಿವರಿಸಲು ಹತ್ತು ನಿಮಿಷ ಹಿಡಿಯಿತು.

ಸಂಗತಿ ಇಷ್ಟೆ. ಕೊಯ್ಲು ಮುಗಿದ ಗದ್ದೆಯಲ್ಲಿ ಉದುರಿದ ಕಾಳು, ಬಸವನಹುಳು ತಿನ್ನಿಸಲು ಬಾತು ಕಾಯುವವನೊಬ್ಬ ತನ್ನ ಹಿಂಡನ್ನು ಊರಿಂದ ಊರಿಗೆ ನಡೆಸಿಕೊಂಡು ಹೋಗುತ್ತಾನೆ. ಇಲ್ಲಿನ ಗದ್ದೆ ಮುಗಿಯಿತು, ಪಕ್ಕದೂರಿಗೆ ಹೋದ. ನಮ್ಮ ಫಾರ್ಮಿನಲ್ಲಿ ಬಾತುಕೋಳಿ ಒಂದೋ ಇರಬೇಕು, ಇಲ್ಲವೇ ಸತ್ತಿರಬೇಕು. ನಡೆದು ಹೋಗಲು ಅವಕಾಶವಿಲ್ಲ.

ಎಲ್ಲ ಕೇಳಿಕೊಂಡು ಕಾರ್ಯದರ್ಶಿ ತಿಳಿಯಲೆಂದೇ ಕೇಳಿದರು: "ನಿಮ್ಮ ಆಫೀಸಿನಲ್ಲಿ ಸಂಜೆ ಮನೆಗೆ ಹೋದವರನ್ನೂ ಹೀಗೇ ಬರೆಯುತ್ತೀರಾ?"

೪. ಹದಿನೇಳು ಈಮೇಲ್

ಕಾಲುವೆ ನೀರನ್ನು ಸರದಿ ಪ್ರಕಾರ ಬಿಡಲು ಆ ಹಳ್ಳಿಯಲ್ಲಿ ಒಬ್ಬ ಇದ್ದಾನೆ. ನಮ್ಮಲ್ಲಿ ನೀರಗಂಟಿ ಎನ್ನುತ್ತೇವಲ್ಲ, ಅವನೇ. ಬಾಸ್‌ಗೆ ಆ ಪದ ಗೊತ್ತಿರಲಿಲ್ಲ. 'ವಾಟರ್ ಮ್ಯಾನೇಜರ್' ಎಂದು ಬರೆಸಿ, ಈಮೇಲ್ ಐಡಿ ತಗೋ ಎಂದರು. ನೀರಗಂಟಿಗೆ ಗುದ್ದಲಿ ಇತ್ತು, ಈಮೇಲ್ ಇರಲಿಲ್ಲ. ಕಾರ್ಯದರ್ಶಿಯನ್ನು ಬಿಟ್ಟು ಊರಿನ ಉಳಿದ ಹದಿನಾರು ಪದಾಧಿಕಾರಿಗಳಿಗೂ ಇರಲಿಲ್ಲ. ಈಮೇಲ್ ತುಂಬದೆ ಫಾರ್ಮ್ ಮುಂದಿನ ಪುಟಕ್ಕೆ ಹೋಗುವುದಿಲ್ಲ. ನನಗೆ ತೊಂದರೆಯಾಗಬಾರದೆಂದು ಕಾರ್ಯದರ್ಶಿ ಎಲ್ಲ ಹದಿನೇಳು ಜನರಿಗೂ ತಮ್ಮದೇ ಈಮೇಲ್ ಕೊಟ್ಟರು.

ಪ್ರತಿ ಶುಕ್ರವಾರ ನಮ್ಮ ಸಿಸ್ಟಂ ಪ್ರತಿಯೊಬ್ಬರಿಗೂ ತಾನಾಗಿಯೇ ಒಂದು ಪತ್ರ ಕಳಿಸುತ್ತಿತ್ತು. ಕಾರ್ಯದರ್ಶಿ ಹದಿನೇಳಕ್ಕೂ ಬೇರೆ ಬೇರೆ ಉತ್ತರ ಬರೆದರು. ಹದಿನೇಳರಲ್ಲೂ ನನ್ನ ತಾಯಿಯ ಆರೋಗ್ಯ ವಿಚಾರಿಸಿದ್ದರು.

೫. ನೂರಕ್ಕೆ ನೂರು

ಬಾಸ್‌ಗೆ ಒಂದು ಆ್ಯಪ್ ಮಾಡುವ ಆಸೆ. ಯಾವಾಗ ನಾಟಿ ಮಾಡಬೇಕೆಂದು ರೈತರಿಗೆ ಕಾರ್ಲ್ಸ್‌ಬಾಡ್‌ನಿಂದ ತಿಳಿಸುವುದು. ಬೇಕೇ ಎಂದು ಹಳ್ಳಿಯ ಮೂವತ್ತು ಮನೆಗಳಲ್ಲಿ ಕೇಳಿಸಿದರು. ಮೂವತ್ತೂ ಮನೆಯವರು ಬೇಕು ಎಂದರು. ಬಾಸ್ ನೂರಕ್ಕೆ ನೂರು ಎಂದು ಸ್ಲೈಡಿನಲ್ಲಿ ದೊಡ್ಡದಾಗಿ ಹಾಕಿದರು.

ಆಂಟಿ ನನಗೆ ಬೇರೆಯಾಗಿ ಫೋನ್ ಮಾಡಿದರು. ಅಷ್ಟು ದೂರದಿಂದ ಕೇಳಿದವರಿಗೆ ಮುಖದ ಮೇಲೆ ಬೇಡ ಅನ್ನೋಕೆ ಆಗುತ್ತಾ, ನೀವೇ ಹೇಳಿ ಎಂದರು. ನಾನು ಬಾಸ್‌ಗೆ ತಿಳಿಸಿದೆ. "ಡೇಟಾ ಡೇಟಾನೇ ಅಮ್ಮ," ಎಂದರು.

ಆ್ಯಪ್ ಆರು ತಿಂಗಳಿಗೆ ಸಿದ್ಧವಾಯಿತು. ಮೂರು ತಿಂಗಳ ನಂತರ ಅದು ಇದ್ದ ಫೋನ್‌ಗಳು ಎರಡು. ಒಂದು ಬಾಸ್‌ದು, ಇನ್ನೊಂದು ನನ್ನದು.

೬. ಅತಿಥಿ ನೋಂದಣಿ

2022ರ ಏಪ್ರಿಲ್ ಕೊನೆಗೆ ವರದಿ ಮುಗಿಯಿತು. ಮೂರು ಪಾಳ್ಯ, ಪೂರ್ವಕ್ಕೆ ಹೊಳೆ, ಪಶ್ಚಿಮಕ್ಕೆ ಸಕ್ಕರೆ ಕಾರ್ಖಾನೆಯ ರಸ್ತೆ, ಉತ್ತರಕ್ಕೆ ಜ್ವಾಲಾಮುಖಿಯ ತಪ್ಪಲು, ಭತ್ತ, ಮರಗೆಣಸು, ತೆಂಗು, ಒಂದು ವಾಲಿಬಾಲ್ ಅಂಕಣ. ಕೊನೆಯ ಪುಟದಲ್ಲಿ ನಮ್ಮ ಸಾಫ್ಟ್‌ವೇರ್ ಹಳ್ಳಿಗೆ ಅಭಿವೃದ್ಧಿ ಅಂಕ ಕೊಟ್ಟಿತ್ತು: ನೂರಕ್ಕೆ ಮೂವತ್ತೆಂಟು. ನೆರೆಹೊರೆಯವರು ಒಬ್ಬರಿಗೊಬ್ಬರು ಮಾಡುವ ಕೆಲಸಕ್ಕೆ ನಮ್ಮಲ್ಲಿ ಕಾಲಂ ಇರಲಿಲ್ಲ. ಆದ್ದರಿಂದ ಅದಕ್ಕೆ ಅಂಕವೂ ಇರಲಿಲ್ಲ.

ಕಾರ್ಯದರ್ಶಿ ಓದಿದರು. ಚೆನ್ನಾಗಿದೆ ಎಂದರು. ಮೊಹರು ಹಾಕಿಸುತ್ತೀರಾ ಎಂದು ಕೇಳಿದೆ. ಹಾಕಿಸುತ್ತೇವೆ ಎಂದರು. ಮುಂದಿನ ವಾರ ಕೇಳಿದೆ. ಹಾಕಿಸುತ್ತೇವೆ ಎಂದರು. ಮೂರನೆಯ ವಾರವೂ ಅದೇ ಉತ್ತರ ಬಂತು. ಸೋಫಾ ಮಾರಿದರೆ ಯಾರು ಕೊಳ್ಳಬಹುದು ಎಂದು ಪಟ್ಟಿ ಮಾಡಿದೆ. ಬಾಸ್ ಮಂಗಳವಾರ ಬಂದು, ಎಲ್ಲ ಸರಿಹೋಗುತ್ತೆ ಎಂದು ಹೇಳಿ, ನನ್ನ ರಜೆಗಳೆಷ್ಟು ಬಾಕಿ ಇವೆ ಎಂದು ನೋಡಿದರು.

ಮೇ ಇಪ್ಪತ್ತಕ್ಕೆ ನಾನು ಆಂಟಿಗೆ ಫೋನ್ ಮಾಡಿ, ಕೆಲಸ ಹೋಗುತ್ತದೆ, ದಯವಿಟ್ಟು ನೇರವಾಗಿ ಕೇಳಿ ಎಂದೆ. ಕೇಳಿದರು. ಕಾರ್ಯದರ್ಶಿ ಬಹಳ ಸಂಕೋಚದಿಂದ ವಿಷಯ ಹೇಳಿದರು. ಅಲ್ಲಿ ಒಂದು ನಿಯಮವಿದೆ. ಹೊರಗಿನವರು ಒಂದು ದಿನಕ್ಕಿಂತ ಹೆಚ್ಚು ಊರಲ್ಲಿದ್ದರೆ ನೋಂದಣಿ ಮಾಡಿಸಬೇಕು. ಪ್ರತಿ ಪಾಳ್ಯದ ಬಾಗಿಲಲ್ಲೂ ಬೋರ್ಡ್ ಇದೆ. ನಾನು ಹದಿನಾಲ್ಕು ತಿಂಗಳಿಂದ ಮೇಲಿನಿಂದಲೋ ಫೋನಿನಿಂದಲೋ ದಿನವೂ ಅವರ ಊರಲ್ಲೇ ಇದ್ದೇನೆ. ಯಾರ ಮನೆ ಚಾವಣಿ ಎಲ್ಲಿ ಸೋರುತ್ತದೆ ಎಂಬುದೂ ನನಗೆ ಗೊತ್ತು. ನಾನು ಯಾರ ಪೈಕಿ, ಯಾವ ಊರು, ಅಕ್ಕಪಕ್ಕ ಯಾರು ಎಂಬುದು ಅವರಿಗೆ ಗೊತ್ತಿಲ್ಲ. ನೋಂದಣಿಯಾಗದವರ ಕಾಗದಕ್ಕೆ ಮುಖ್ಯಸ್ಥರು ಮೊಹರು ಹಾಕುವುದು ಹೇಗೆ? ನಾನೇ ಅರ್ಥ ಮಾಡಿಕೊಂಡು ಕೇಳಲೆಂದು ಅವರು ಮೂರು ವಾರ ಕಾದಿದ್ದರು.

ಫಾರ್ಮ್ ಬಂತು. ಒಂದೇ ಪುಟ. ನನ್ನ ವಿವರದ ಕೆಳಗೆ ನನ್ನ ಕೇರಿಯ ವಿವರ. ಎಷ್ಟು ಮನೆ? ಅರವತ್ತನಾಲ್ಕು. ಕೇರಿಯ ಹಿರಿಯರು ಯಾರು? ಬಾಡಿಗೆ ಕಟ್ಟುವ ಒಂದು ವೆಬ್‌ಸೈಟ್ ಇತ್ತು, ಅದನ್ನು ಬರೆದೆ. ತೆಂಗಿನ ಜಾತಿಯ ಮರ? ಹನ್ನೊಂದು. ಫಲ ಕೊಡುವುದು? ಸೊನ್ನೆ. ತಿಂಗಳಿಗೆ ಎಷ್ಟು ದಿನ ಎಲ್ಲರೂ ಸೇರಿ ಚರಂಡಿ ತೆಗೆಯುತ್ತೀರಿ? ಸೊನ್ನೆ. ಸಾವಾದ ಮನೆಗೆ ಮೊದಲ ದಿನದ ಅಡುಗೆ ಯಾರ ಮನೆಯಿಂದ? ಇದಕ್ಕೆ ಸೊನ್ನೆ ಎಂದೂ ಬರೆಯುವಂತಿರಲಿಲ್ಲ. ಕೊನೆಯದು: ಹೆಸರಿನಿಂದ ಗೊತ್ತಿರುವ ನೆರೆಯವರು ಎಷ್ಟು?

ಮೂರು ವರ್ಷದಿಂದ ಅಲ್ಲಿ ಇದ್ದೆ. ಒಬ್ಬರ ಹೆಸರೂ ಗೊತ್ತಿರಲಿಲ್ಲ. ಸುಳ್ಳು ಬರೆಯಬಹುದಿತ್ತು. ಆದರೆ ಹದಿನಾಲ್ಕು ತಿಂಗಳು ಅವರಿಂದ ಸರಿಯಾದ ಅಂಕಿ ಬೇಕೆಂದು ಕಾಡಿದವಳು ನಾನೇ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಮಾಸ್ಕ್ ಹಾಕಿಕೊಂಡು, ಕ್ಲಿಪ್‌ಬೋರ್ಡ್ ಹಿಡಿದು ಮನೆ ನಂಬರ್ ಒಂದರಿಂದ ಶುರು ಮಾಡಿದೆ.

ಹೆಚ್ಚಿನ ಬಾಗಿಲುಗಳಲ್ಲಿ ಮನುಷ್ಯರ ಬದಲು ಕ್ಯಾಮೆರಾ ಮಾತಾಡಿತು. ಪಾರ್ಸೆಲ್ ಅಲ್ಲೇ ಇಡಿ ಎಂದಿತು. ಒಬ್ಬರು ಸೋಲಾರ್ ಬೇಡ ಎಂದರು. ಇನ್ನೊಬ್ಬರು ತಾವು ಆಗಲೇ ಒಂದು ಚರ್ಚಿಗೆ ಹೋಗುತ್ತೇವೆ ಎಂದರು. ಎರಡು ಮನೆಯವರು ಬಾಗಿಲು ತೆರೆದು ನಾಯಿಯನ್ನು ಪರಿಚಯಿಸಿದರು, ತಮ್ಮನ್ನಲ್ಲ. ಮಹಡಿ ಮೇಲಿನ ಒಬ್ಬ ಅಜ್ಜಿ ಮಾತ್ರ ಹೆಸರು ಹೇಳಿ, ನನ್ನ ಹೆಸರು ಕೇಳಿ, ಕೂರಿಸಿ ನಿಂಬೆಹಣ್ಣು ಕೊಟ್ಟರು.

ಮೂವತ್ತೊಂಬತ್ತನೆಯ ಮನೆಯ ಹತ್ತಿರ ನನ್ನ ಫೋನಿಗೆ ನಮ್ಮ ಕಾಂಪ್ಲೆಕ್ಸಿನ ಗ್ರೂಪಿನಿಂದ ಎಚ್ಚರಿಕೆ ಬಂತು. ಅಪರಿಚಿತ ಮಹಿಳೆಯೊಬ್ಬಳು ಕ್ಲಿಪ್‌ಬೋರ್ಡ್ ಹಿಡಿದು ಮನೆ ಮನೆಗೆ ಹೋಗುತ್ತಿದ್ದಾಳೆ, ಯಾರೂ ಬಾಗಿಲು ತೆರೆಯಬೇಡಿ. ಜೊತೆಗೆ ಫೋಟೋ. ನನ್ನದೇ. ಎಲ್ಲರಿಗೂ ಹರಡಿ ಎಂದು ಕೆಳಗೆ ಬರೆದವರು, ಮನೆ ನಂಬರ್ ನೋಡಿದರೆ, ನನ್ನ ಪಕ್ಕದ ಮನೆಯವರು.

ನಾನು ಮನೆಗೆ ಬಂದು ಫಾರ್ಮ್ ತುಂಬಿದೆ. ಹೆಸರಿನಿಂದ ಗೊತ್ತಿರುವ ನೆರೆಯವರು: ಮೂರು. ಅವರಲ್ಲಿ ನಾಯಿಗಳು: ಎರಡು. ಇದ್ದದ್ದನ್ನು ಇದ್ದ ಹಾಗೆ ಕಳಿಸಿದೆ.

ಮರುದಿನವೇ ಮೊಹರು ಹಾಕಿದ ವರದಿ ಬಂತು. ಕೆಲಸ ಉಳಿಯಿತು, ಸೋಫಾ ಉಳಿಯಿತು. ಜೊತೆಯಲ್ಲಿ ಮುಖ್ಯಸ್ಥರ ಒಂದು ಪತ್ರ ಇತ್ತು. ಅವರು ತಮ್ಮ ಪದ್ಧತಿಯ ಪ್ರಕಾರ ನಮ್ಮ ಕೇರಿಗೂ ಅಂಕ ಹಾಕಿ, 'ಹಿಂದುಳಿದದ್ದು, ನೆರವು ಬೇಕು' ಎಂಬ ವರ್ಗದಲ್ಲಿ ಸೇರಿಸಿದ್ದರು. ಬೇಸರ ಮಾಡಿಕೊಳ್ಳಬಾರದು, ತಮ್ಮಲ್ಲೂ ಒಂದು ಪಾಳ್ಯ ಹಿಂದೆ ಹೀಗೇ ಇತ್ತು, ಚರಂಡಿಯಿಂದ ಶುರು ಮಾಡಿದರೆ ಒಳ್ಳೆಯದು ಎಂದು ಬರೆದಿದ್ದರು.

ಬಾಸ್ ಪತ್ರವನ್ನು ಎರಡು ಸಲ ಓದಿದರು. ಅಪಾರ್ಟ್‌ಮೆಂಟ್ ಎಂದರೆ ಹಾಗೇ, ಸ್ವಂತ ಮನೆಗಳ ಕಡೆ ಬೇರೆ ಎಂದರು. "ಡೈಮಂಡ್ ಬಾರ್‌ಗೂ ಒಂದು ಫಾರ್ಮ್ ಕಳಿಸೋಕೆ ಹೇಳಮ್ಮ." ಅಲ್ಲಿನ ಬೀದಿಯಲ್ಲಿ ಅವರು ಹದಿನೆಂಟು ವರ್ಷದಿಂದ ಇದ್ದಾರೆ. ಮುಂದಿನ ಶನಿವಾರ ಅವರೇ ತುಂಬಿ ಕಳಿಸಿದರು.

ಹತ್ತು ದಿನಕ್ಕೆ ಉತ್ತರ ಬಂತು. ಕಾರ್ಲ್ಸ್‌ಬಾಡ್, ನೂರಕ್ಕೆ ಹನ್ನೊಂದು. ಡೈಮಂಡ್ ಬಾರ್, ಒಂಬತ್ತು.