ಮುಂಜಾನೆ ಎಂಟಕ್ಕೆ ಯಮನ್

ನನಗೆ ಎಲ್ಲರ ಮೇಲೂ ಹೊಟ್ಟೆಕಿಚ್ಚು ಬರುವುದಿಲ್ಲ. ಸಹೋದ್ಯೋಗಿಗೆ ಬಡ್ತಿ ಸಿಕ್ಕರೆ ಮನಸಾರೆ ಕೈ ಕುಲುಕುತ್ತೇನೆ. ಷಡ್ಡಕ ಹೊಸ ಕಾರು ತಂದರೆ ಅದರೊಳಗೆ ಕೂತು, ಸೀಟು ಮೆತ್ತಗಿದೆ ಎಂದು ಹೊಗಳಿ ಇಳಿಯುತ್ತೇನೆ. ಆದರೆ ನನ್ನ ಹೆಂಡತಿ ನನ್ನೆದುರಿಗೇ ಇನ್ನೊಬ್ಬ ಗಂಡಸಿನ ಜಾಣತನವನ್ನು ಹೊಗಳಿದರೆ, ಅದೂ ಗೋಡೆಯಾಚೆಗಿನ ಗಂಡಸನ್ನು ಹೊಗಳಿದರೆ, ಉಂಡ ರೊಟ್ಟಿ ಹೊಟ್ಟೆಯಲ್ಲಿ ಹಾಗೇ ಕೂತುಬಿಡುತ್ತದೆ. ಈ ದೌರ್ಬಲ್ಯವನ್ನು ಮೊದಲೇ ಒಪ್ಪಿಕೊಂಡರೆ ಮುಂದಿನದನ್ನು ಹೇಳುವುದು ಸುಲಭ.

ಮನೆಯಲ್ಲಿ ನನಗೆ ಹೇಳಿಕೊಳ್ಳುವಂಥ ಅಧಿಕಾರವೇನಿಲ್ಲ. ಅಡುಗೆ, ನೆಂಟರು, ಮಗಳ ಕಾಲೇಜು ಎಲ್ಲವೂ ಶೈಲಾಳ ಕೈಯಲ್ಲಿವೆ. ನನ್ನ ಪಾಲಿಗೆ ಉಳಿದದ್ದು ಹಾಡು. ಪಡಸಾಲೆಯ ಮೂಲೆಯ ಕಂಪ್ಯೂಟರಿನಲ್ಲಿ ನಾನು ವರ್ಷಗಟ್ಟಲೆ ಕೂಡಿಹಾಕಿದ ಸಂಗೀತವಿದೆ. ಅದು ವೈಫೈ ಹಿಡಿದು ಅಡುಗೆಮನೆಗೂ ದೇವರಕೋಣೆಗೂ ಹೋಗಿ ಅಲ್ಲಲ್ಲಿನ ಸ್ಪೀಕರುಗಳಲ್ಲಿ ಹಾಡುತ್ತದೆ. ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಹಾಡಿಗೆ ಹೊತ್ತುಗೊತ್ತು ಇದೆ. ಮುಂಜಾನೆಯ ರಾಗ ಮುಂಜಾನೆಗೇ, ಸಂಜೆಯದು ಸಂಜೆಗೇ. ಬೆಳಿಗ್ಗೆ ಎದ್ದು ಸಂಜೆಯ ರಾಗವಾದ ಯಮನ್ ಹಚ್ಚಿದರೆ, "ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ರಿ?" ಎಂದು ಓಣಿಯವರು ವಿಚಾರಿಸಲು ಬರುತ್ತಾರೆ. ಅದಕ್ಕೇ ನಾನು ಒಂದು ವ್ಯವಸ್ಥೆ ಮಾಡಿದ್ದೆ. ಕಂಪ್ಯೂಟರು ತನ್ನ ಗಡಿಯಾರ ತಾನೇ ನೋಡಿಕೊಂಡು ಬೆಳಿಗ್ಗೆ ತೋಡಿ, ಮಧ್ಯಾಹ್ನ ಸಾರಂಗ, ದೀಪ ಹಚ್ಚುವ ಹೊತ್ತಿಗೆ ಯಮನ್ ಹಾಡಿಸುತ್ತದೆ. ಕಣ್ಣು ಮಂಜಾದ ನಮ್ಮ ಅವ್ವನಿಗೆ ಅದೇ ಗಡಿಯಾರ. ತೋಡಿ ಮುಗಿದರೆ ಗುಳಿಗೆ ನುಂಗುವುದು, ಯಮನ್ ಶುರುವಾದರೆ ದೇವರ ದೀಪ. ಬಂದವರಿಗೆಲ್ಲ ಶೈಲಾ, "ನಮ್ಮ ಮನಿಯವ್ರು ಅದೊಂದ ಛಲೋ ಮಾಡ್ಯಾರ ನೋಡ್ರಿ" ಎನ್ನುತ್ತಿದ್ದಳು. ಆ 'ಅದೊಂದ' ಎಂಬ ಮಾತಿನ ಮೇಲೆಯೇ ನಾನು ಇಷ್ಟು ದಿನ ತಲೆಯೆತ್ತಿ ಓಡಾಡಿದ್ದು.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ನಮ್ಮದೂ ಸಂಶಿಯವರದೂ ಅಂಟಿಕೊಂಡ ಮನೆಗಳು. ಗೋಕುಲ ರಸ್ತೆಯಲ್ಲಿ ಅವರದೊಂದು ನೀರಿನ ಪಂಪಿನ ಅಂಗಡಿ. ನನ್ನ ವ್ಯವಸ್ಥೆಯನ್ನು ನೋಡಿಹೋಗಿ, ತಿಂಗಳೊಳಗೆ ತಮ್ಮ ಮನೆಯಲ್ಲೂ ಅಂಥದ್ದೇ ಮಾಡಿಕೊಂಡರು. ಅಷ್ಟಕ್ಕೇ ನನಗೆ ಅರ್ಧ ಉರಿದಿತ್ತು. ಆಮೇಲೆ ಇಬ್ಬರ ಕಂಪ್ಯೂಟರುಗಳಿಗೂ ಒಂದೇ ಕಾಲಕ್ಕೆ ವಯಸ್ಸಾಯಿತು. ಆಪರೇಟಿಂಗ್ ಸಿಸ್ಟಮ್ ಹಳೆಯದಾಗಿದೆ, ಹೊಸದಕ್ಕೆ ಅಪ್‌ಗ್ರೇಡ್ ಮಾಡಿಕೊಳ್ಳಿ ಎಂದು ಪರದೆಯ ಮೇಲೆ ದಿನವೂ ಸೂಚನೆ. ಹಾಡು ನಿಂತುಹೋದರೆ ಗತಿಯೇನು ಎಂದು ನಾನು ಅದನ್ನು ನಾಳೆ ನಾಡಿದ್ದು ಎಂದು ಮುಂದೂಡುತ್ತಿದ್ದೆ. ಒಂದು ಸಂಜೆ ಕಚೇರಿಯಿಂದ ಬಂದು ಚಹಾದ ಕಪ್ಪು ಬಾಯಿಗಿಟ್ಟಿದ್ದೆ.

"ಏನ್ರೀ, ಸಂಶಿಯವ್ರು ಇವತ್ತ ಕಂಪ್ಯೂಟರ್ ಅಪ್‌ಗ್ರೇಡ್ ಮಾಡಿದ್ರಂತ," ಎಂದಳು ಶೈಲಾ. "ಹಾಡು ಒಂದು ನಿಮಿಷ ಸೈತ ನಿಂದರಲಿಲ್ಲ. ನಾನ ಕಿವಿಯಾರೆ ಕೇಳೇನಿ. ಎಂಥಾ ಶಾಣ್ಯಾ ಮನಷ್ಯಾ. ನೀವು ಮಾಡಿದ್ರ ಎಷ್ಟ ದಿನ ನಿಂದರತೈತ್ರಿ?"

"ನಮ್ಮದೂ ನಿಂದರೂದಿಲ್ಲ" ಎಂದೆ. ಚಹಾ ನಾಲಗೆ ಸುಟ್ಟಿತು. ಆಡಿದ ಮೇಲೆ ಮುಗಿಯಿತು. ಈಗ ಹಾಡು ಅರೆಗಳಿಗೆ ನಿಂತರೂ ಆ 'ಅದೊಂದ' ಗೋಡೆ ಹಾರಿ ಸಂಶಿಯವರ ಮನೆ ಸೇರುವುದು ಖಂಡಿತವಾಗಿತ್ತು.

ಆ ದಿನಗಳಲ್ಲಿ ನನಗಿದ್ದ ಸಮಾಧಾನ ಒಂದೇ. ನನ್ನ ಸ್ಪೀಕರಿನ ದನಿಗೆ ಈಚೆಗೆ ಒಂದು ಗುಂಗು ಬಂದಿತ್ತು. ಪ್ರತಿಯೊಂದು ಆಲಾಪದ ಹಿಂದೆಯೇ ಅದೇ ಆಲಾಪ ಇನ್ನೊಮ್ಮೆ ಸಣ್ಣಗೆ ಕೇಳುತ್ತಿತ್ತು. "ಕೇಳಿಲ್ಲೆ, ಸ್ಪೀಕರ್ ಹೆಂಗ ಪಳಗೇತಿ. ಸಂಶಿಯವ್ರದಕ್ಕ ಇದು ಬರೂದಿಲ್ಲ" ಎಂದು ಶೈಲಾಳಿಗೆ ಹೇಳಿದೆ. ಅವಳು ಕಿವಿಗೊಟ್ಟು ಕೇಳಿ, "ಹೌದ್ರಿ, ಒಂಥರಾ ಐತಿ" ಎಂದಳು. ಅದನ್ನೇ ಹೊಗಳಿಕೆ ಎಂದುಕೊಂಡೆ.

ಹದಿನೈದು ದಿನ ಕಳೆದು ಒಂದು ರವಿವಾರ ಬೆಳಕು ಹರಿಯುವ ಮೊದಲೇ ಎದ್ದೆ. ಮಗಳ ಹಳೆಯ ಲ್ಯಾಪ್‌ಟಾಪಿಗೆ ಹಾಡುಗಳನ್ನೆಲ್ಲ ಹಿಂದಿನ ದಿನವೇ ತುಂಬಿಟ್ಟಿದ್ದೆ. ಸ್ಪೀಕರುಗಳಿಗೆ ಅನುಮಾನ ಬರಬಾರದೆಂದು ಅದಕ್ಕೂ ನನ್ನ ಕಂಪ್ಯೂಟರಿನ ಹೆಸರನ್ನೇ ಇಟ್ಟಿದ್ದೆ. ಲ್ಯಾಪ್‌ಟಾಪು ತೋಡಿ ಹಾಡುತ್ತಿರಲಿ, ಅಷ್ಟರಲ್ಲಿ ಕಂಪ್ಯೂಟರಿಗೆ ಅಪ್‌ಗ್ರೇಡ್ ಆಗಲಿ, ಆಮೇಲೆ ಹಾಡನ್ನು ಮತ್ತೆ ಕಂಪ್ಯೂಟರಿಗೆ ದಾಟಿಸುವುದು ಎಂಬುದು ನನ್ನ ಯೋಜನೆ. ಎರಡು ತಾಸು ಎಲ್ಲ ಸುಸೂತ್ರ. ಹೊಸ ವ್ಯವಸ್ಥೆ ನಡುನಡುವೆ ಏನೇನೋ ಕೇಳುತ್ತಿತ್ತು. ಸಂಶಿಯವರ ಮುಖ ಕಣ್ಣ ಮುಂದೆ ಇದ್ದುದರಿಂದ ಯಾವುದನ್ನೂ ಓದದೆ 'ಮುಂದೆ', 'ಮುಂದೆ' ಎಂದು ಒತ್ತುತ್ತ ಹೋದೆ. ನೀವು ಯಾವ ದೇಶದಲ್ಲಿದ್ದೀರಿ ಎಂದೂ ಕೇಳಿತಂತೆ. ಅದಕ್ಕೂ 'ಮುಂದೆ' ಎಂದಿದ್ದೇನೆ. ಎಂಟಕ್ಕೆ ಸರಿಯಾಗಿ ಹಾಡನ್ನು ಕಂಪ್ಯೂಟರಿಗೆ ದಾಟಿಸಿದೆ. ಕೊಂಡಿ ತಪ್ಪಲಿಲ್ಲ, ಕ್ಷಣವೂ ನಿಲ್ಲಲಿಲ್ಲ. ಶೈಲಾಳನ್ನು ಕರೆಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮನೆತುಂಬ ಯಮನ್ ಶುರುವಾಯಿತು.

ದೇವರಕೋಣೆಯಲ್ಲಿ ಅವ್ವ ಕಡ್ಡಿಪೆಟ್ಟಿಗೆಗಾಗಿ ತಡಕಾಡುವ ಸದ್ದು ಕೇಳಿತು. "ಶೈಲಾ, ದೀಪ ಹಚ್ಚೂ ಹೊತ್ತಾತೇನವಾ? ನನ್ನ ನಾಷ್ಟಾನ ಆಗಿಲ್ಲಲಾ ಇನ್ನೂ."

ಶೈಲಾ ಸೌಟು ಹಿಡಿದೇ ಬಂದು ಬಾಗಿಲಲ್ಲಿ ನಿಂತಳು. ಒಮ್ಮೆ ಕಿಟಕಿಯ ಬಿಸಿಲು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಕಂಪ್ಯೂಟರಿನ ಮೂಲೆಯ ಗಡಿಯಾರ ನೋಡಿದರೆ ಅದು ಯಾವುದೋ ದೇಶದ ಸಂಜೆ ಏಳೂವರೆಯಲ್ಲಿತ್ತು. ಗಾಬರಿಯಲ್ಲಿ ಅದನ್ನು ಸರಿಪಡಿಸುವುದು ಬಿಟ್ಟು, ಓಡಾಡಿ ಎಲ್ಲ ಸ್ಪೀಕರುಗಳ ಪ್ಲಗ್ಗು ಕಿತ್ತೆ. ಆದರೂ ಯಮನ್ ನಿಲ್ಲಲಿಲ್ಲ. ಗೋಡೆಗೆ ಕಿವಿ ಹಚ್ಚಿದೆ. ಸಂಶಿಯವರ ಮನೆಯಿಂದ ಬರುತ್ತಿತ್ತು. ಮುಂಜಾನೆ ಎಂಟಕ್ಕೆ ಯಮನ್ ಹಚ್ಚುವ ಮನುಷ್ಯ ನಮ್ಮ ಜಿಲ್ಲೆಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಆ ತಪ್ಪು ಮಾಡಿದ ಕಂಪ್ಯೂಟರು ಜಗತ್ತಿನಲ್ಲಿ ಒಂದೇ, ಅದು ನನ್ನದು. ಸ್ಪೀಕರಿನ ಗುಂಗಿನ ಗುಟ್ಟೂ ಆಗಲೇ ತಿಳಿಯಿತು: ಹಿಂದಿನಿಂದ ಕೇಳುತ್ತಿದ್ದ ಎರಡನೆಯ ಆಲಾಪ ಗೋಡೆಯಾಚೆಯದು.

ಹೊರಗೆ ಬಂದರೆ ಸಂಶಿಯವರು ಬನಿಯನ್ನಿನಲ್ಲೇ ಕಾಂಪೌಂಡಿನ ಹತ್ತಿರ ನಿಂತಿದ್ದರು. "ಸರ, ನಿಮ್ಮ ಕಂಪ್ಯೂಟರಿಗೆ ಇವತ್ತ ಏನಾತ್ರಿ?" ಎಂದು ಕೇಳಿ, ಕೇಳಿದ್ದರ ಅರ್ಥ ತಮಗೇ ಹೊಳೆದು ತಲೆ ಕೆರೆದುಕೊಂಡರು. ಆಮೇಲೆ ದನಿ ತಗ್ಗಿಸಿದರು. "ಖರೇ ಹೇಳ್ತೇನ್ರಿ. ಆವತ್ತ ನಂದು ಅಪ್‌ಗ್ರೇಡ್ ಮಾಡಾಕ ಹೋಗಿ ಕೆಟ್ಟ ಕುಂತತ್ರಿ. ಹಬ್ಬದಾಗ ನೀವ ವೈಫೈ ಪಾಸ್‌ವರ್ಡ್ ಕೊಟ್ಟಿದ್ರಿ. ನಮ್ಮ ಸ್ಪೀಕರ್ ನಿಮ್ಮ ಕಂಪ್ಯೂಟರಿಗೆ ಹಚ್ಚಿಬಿಟ್ನಿ. ಅವತ್ತಿಂದ ನಿಮ್ಮ ಹಾಡ ಕೇಳಾಕತ್ತೇವ್ರಿ. ನಮ್ಮಾಕಿಗೆ ಗೊತ್ತಿಲ್ಲ. ಹೇಳಬ್ಯಾಡ್ರಿ, ನಿಮ್ಮ ಮನ್ಯಾಗೂ ಹೇಳಬ್ಯಾಡ್ರಿ."

ಹದಿನೈದು ದಿನದ ಉರಿ ಒಮ್ಮೆಲೇ ತಣ್ಣಗಾಯಿತು. ಗೆದ್ದವನಿಗೆ ಬರುವ ಔದಾರ್ಯ ನನಗೂ ಬಂದು, "ಛೇ, ಹೇಳತೇನೇನ್ರಿ? ದೇವರಾಣಿ" ಎಂದುಬಿಟ್ಟೆ. ಆಣೆ ಹಾಕಿದವನು ಸುಮ್ಮನೆ ಒಳಗೆ ಬಂದು ಗಡಿಯಾರ ಸರಿಪಡಿಸಿದೆ, ಪ್ಲಗ್ಗು ಚುಚ್ಚಿದೆ. ತೋಡಿ ಮರಳಿತು. ಅವ್ವ ಕಡ್ಡಿಪೆಟ್ಟಿಗೆ ಕೆಳಗಿಟ್ಟಳು.

ನಾಷ್ಟಾದ ತಟ್ಟೆ ಇಡುತ್ತ ಶೈಲಾ ಬಹಳ ಮೃದುವಾಗಿ ಮಾತನಾಡಿದಳು. "ಕೇಳಿದ್ರಿಲ್ಲೋ? ಸಂಶಿಯವ್ರೂ ಯಮನ್ ಹಚ್ಚಿದ್ರು. ನೀವ್ ಒಬ್ರ ತಪ್ಪ ಮಾಡಿದಂಗ ಆಗಬಾರ್ದು, ಓಣ್ಯಾಗ ನಿಮ್ಮ ಮಾನ ಉಳೀಲಿ ಅಂತ ಪಾಪ ತಾವೂ ಹಚ್ಚಿದ್ರು. ಎಂಥಾ ದೊಡ್ಡ ಮನಸ್ರಿ ಅವ್ರದು."

ಬಾಯಲ್ಲಿ ಉಪ್ಪಿಟ್ಟಿತ್ತು, ಅದರ ಹಿಂದೆ ಆಣೆಯಿತ್ತು. ಎರಡನ್ನೂ ನುಂಗಿದೆ. ಗೋಡೆಯಾಚೆ ನನ್ನ ತೋಡಿ ಸಣ್ಣಗೆ ಕೇಳುತ್ತಿತ್ತು. ನಾನು ಮಾಡಿದ ತಪ್ಪಿಗೂ ಹೊಗಳಿಸಿಕೊಂಡ ಆ ಮನುಷ್ಯನ ಮೇಲೆ ನನಗೆ ಆಗ ಬಂದಷ್ಟು ಹೊಟ್ಟೆಕಿಚ್ಚು ಜನ್ಮದಲ್ಲಿ ಬಂದಿರಲಿಲ್ಲ.