ಮುಚ್ಚಳ ವಾಪಸು ಕೊಟ್ಟ ಕಥೆ

ಮೂವತ್ತೊಂದು ವರ್ಷ ನಾನು ಕುಂಬಳೆಯಿಂದ ಬೆಳ್ಳೂರು ಕಡೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರನಾಗಿದ್ದೆ. ಅದು ಹೊಟ್ಟೆಪಾಡು. ನನ್ನ ನಿಜವಾದ ಕೀರ್ತಿ ಇರುವುದು ಊಟದ ಪಂಕ್ತಿಯಲ್ಲಿ. ನೆಂಟರಿಷ್ಟರ ಮದುವೆ, ಗೃಹಪ್ರವೇಶ, ಎಲ್ಲಿ ಎಲೆ ಹಾಕಿದರೂ ಪಾಯಸದ ಸೌಟು ನನ್ನ ಕೈಗೇ ಬರಬೇಕು. ನಾನು ಬಡಿಸಿದ ಪಂಕ್ತಿಯಿಂದ ಅರೆಹೊಟ್ಟೆಯಲ್ಲಿ ಎದ್ದುಹೋದವರಿಲ್ಲ. ನಿಜ ಹೇಳಬೇಕೆಂದರೆ, ಸುಲಭವಾಗಿ ಎದ್ದುಹೋದವರೂ ಇಲ್ಲ.

‘ಸಾಕು’ ಎಂಬ ಶಬ್ದ ನನ್ನ ಕಿವಿಗೆ ಬೀಳುವುದಿಲ್ಲ. ಎಲೆಗೆ ಎರಡೂ ಕೈ ಅಡ್ಡ ಹಿಡಿದರೆ ಬೆರಳಿನ ಸಂದಿಯಿಂದ ಬಿಡುತ್ತೇನೆ. ಬಗ್ಗಿ ಎಲೆಯನ್ನೇ ಮರೆಮಾಡಿದರೆ, “ಮಗಳಿಗೆ ಕೆಲಸ ಸಿಕ್ಕಿತಂತೆ, ಹೌದಾ?” ಎಂದು ಕೇಳುತ್ತೇನೆ. ಉತ್ತರ ಹೇಳಲು ಅವರು ತಲೆ ಎತ್ತುತ್ತಾರೆ. ಅಷ್ಟು ಹೊತ್ತಿಗೆ ಒಂದು ಸೌಟು ಇಳಿದಾಗಿರುತ್ತದೆ. ಇದು ಬಸ್ಸಿನಲ್ಲಿ ಕಲಿತ ವಿದ್ಯೆ. “ಇನ್ನೂ ಜಾಗ ಉಂಟು, ಮುಂದೆ ಹೋಗಿ” ಎನ್ನುತ್ತಾ ಐವತ್ತು ಜನರ ಬಸ್ಸಿಗೆ ತೊಂಬತ್ತು ಜನರನ್ನು ತುಂಬಿಸಿದವನಿಗೆ ಒಂದು ಹೊಟ್ಟೆ ಯಾವ ಲೆಕ್ಕ?

ಇಂಥ ನನ್ನ ಸೌಟಿಗೆ ಸಂಚಕಾರ ಬಂದದ್ದು ಅಕ್ಷತಾಳ ಮದುವೆ ನಿಶ್ಚಯವಾದಾಗ. ಅಕ್ಷತಾ ಎಂದರೆ ನನ್ನ ಹೆಂಡತಿ ಸುಗುಣಳ ಅಣ್ಣನ ಮಗಳು. ಶಾಲೆಯಲ್ಲಿ ಟೀಚರು. ಒಂದು ದಿನ ನಮ್ಮ ಮನೆಗೆ ಬಂದವಳು ಚಾ ಕುಡಿಯುತ್ತಾ ಹೇಳಿದಳು.

“ಮಾವ, ಮದುವೆಗೆ ಪಂಕ್ತಿ ಇಲ್ಲ. ಬಫೆ.”

“ಬಫೆಯಾ? ನಿಂತುಕೊಂಡು ತಿನ್ನುದಾ? ಎಂತಕ್ಕೆ?”

“ನಿಮ್ಮಿಂದಾಗಿಯೇ. ಅಪ್ಪನ ಷಷ್ಟ್ಯಬ್ದಿಯಲ್ಲಿ ನೀವು ಬಡಿಸಿದ ಮೇಲೆ ನಮ್ಮ ಹೆಡ್‌ಮಾಸ್ಟ್ರು ಎರಡು ದಿನ ಶಾಲೆಗೇ ಬರ್ಲಿಲ್ಲ. ಪಾಪ, ಸಾಕು ಸಾಕು ಅಂತ ಹೇಳ್ತಾ ಇದ್ರು.”

“ಸಾಕು ಅಂತ ಎಲ್ಲರೂ ಹೇಳ್ತಾರೆ. ಅದು ಮರ್ಯಾದೆಗೆ ಹೇಳುದು. ನಿಜವಾಗಿ ಉಣ್ಣುವವರು ಯಾರೂ ಸಾಕು ಅಂತ ಹೇಳುದಿಲ್ಲ.”

ಅಕ್ಷತಾ ಲೋಟ ಕೆಳಗಿಟ್ಟಳು. “ಹಾಗಾದ್ರೆ ಒಂದು ಪಂಥ. ಕುಂಬಳೆಯಲ್ಲಿ ಜಪಾನಿನ ಊಟದ ಹೋಟ್ಲು ಒಂದು ಶುರುವಾಗಿದೆ. ಅಲ್ಲಿ ಸಣ್ಣ ಬಟ್ಟಲಲ್ಲಿ ಸೇಮಿಗೆ, ಅಂದ್ರೆ ಅವರ ನೂಡಲ್ಸು, ಬಡಿಸ್ತಾರೆ. ಖಾಲಿಯಾದ ಹಾಗೆ ಮತ್ತೆ ಹಾಕ್ತಾ ಇರ್ತಾರೆ. ನೀವು ಬಾಯಿಬಿಟ್ಟು ಒಂದು ಸಲವೂ ಸಾಕು ಅಂತ ಹೇಳದೆ ಎದ್ದು ಬಂದ್ರೆ ಮದುವೆಗೆ ಪಂಕ್ತಿಯೇ, ಸೌಟು ನಿಮ್ದೇ. ಹೇಳಿದ್ರೆ ಬಫೆ. ನೀವು ಗೇಟಿನ ಹತ್ರ ನಿಂತು ಪನ್ನೀರು ಚಿಮುಕಿಸುದು.”

ಪನ್ನೀರು! ನನ್ನಂಥವನ ಕೈಗೆ ಪನ್ನೀರುದಾನಿ! ಆ ಕ್ಷಣವೇ ಒಪ್ಪಿಕೊಂಡೆ.

ಸೋಮವಾರ ಮಧ್ಯಾಹ್ನ ನಾನು, ಸುಗುಣ, ಅಕ್ಷತಾ ಮೂವರೂ ಹೋದೆವು. ಹೆದ್ದಾರಿಯ ಬದಿಯಲ್ಲಿ, ಮೊಬೈಲ್ ಅಂಗಡಿಯ ಮೇಲಿನ ಮಹಡಿ. ಆರೇ ಆರು ಮೇಜು. ಮಾಲೀಕನ ಹೆಸರು ಅಶ್ರಫ್. ದುಬೈಯಲ್ಲಿ ಜಪಾನಿನವರ ಹೋಟೆಲಿನ ಅಡುಗೆಮನೆಯಲ್ಲಿ ಬಹಳ ವರ್ಷ ದುಡಿದು ಊರಿಗೆ ಬಂದವನು. ನನ್ನನ್ನು ಕಂಡದ್ದೇ ಅವನ ಮುಖ ಅರಳಿತು.

“ಕಂಡಕ್ಟರ್ರೇ, ಗುರ್ತ ಸಿಕ್ಕಿತಾ? ಹೈಸ್ಕೂಲಿಗೆ ನಿಮ್ಮ ಬಸ್ಸಲ್ಲೇ ಬರ್ತಾ ಇದ್ದದ್ದು. ಒಂದು ದಿನವೂ ನನ್ನ ಎರಡು ಕಾಲು ಒಟ್ಟಿಗೆ ನೆಲಕ್ಕೆ ಮುಟ್ಟಿದ್ದು ನೆನಪಿಲ್ಲ.”

ನಾನು ನಕ್ಕೆ. ಅವನೂ ನಕ್ಕ. ನಾನು ನಿಲ್ಲಿಸಿದ ಮೇಲೂ ಅವನು ಸ್ವಲ್ಪ ಹೊತ್ತು ನಗುತ್ತಿದ್ದ. ಅದನ್ನು ನಾನು ಗಮನಿಸಬೇಕಾಗಿತ್ತು.

ಸುಗುಣ ಸೋಮವಾರ ಮೀನು ಮುಟ್ಟುವವಳಲ್ಲ. ಅವಳು ಕೇಳುವ ಮೊದಲೇ ಅಶ್ರಫ್, “ಹೆದರ್ಬೇಡಿ ಅಕ್ಕ, ಟೀಚರು ಮೊದಲೇ ಹೇಳಿದ್ದಾರೆ. ನಿಮಗೆ ಮೀನಿನ ಸಾರಲ್ಲ, ಅಣಬೆಯ ಸಾರಲ್ಲೇ ಮಾಡಿದ್ದು” ಎಂದ. ಮೂವರ ಮುಂದೆಯೂ ಕೆಂಪು ಬಣ್ಣದ ಒಂದೊಂದು ಬಟ್ಟಲು, ಅದಕ್ಕೊಂದು ಮುಚ್ಚಳ ಬಂತು. ಬಟ್ಟಲಿನಲ್ಲಿ ಇದ್ದದ್ದು ಕಂದು ಬಣ್ಣದ ಸೇಮಿಗೆ, ಒಂದೇ ಒಂದು ತುತ್ತು. ನಮ್ಮ ಮನೆಯಲ್ಲಿ ಉಪ್ಪಿನಕಾಯಿಯನ್ನೇ ಇದಕ್ಕಿಂತ ಹೆಚ್ಚು ಬಡಿಸುತ್ತೇವೆ.

“ಈ ಮುಚ್ಚಳ ಎಂತಕ್ಕೆ ಅಂದ್ರೆ...” ಎಂದು ಅಶ್ರಫ್ ಶುರುಮಾಡಿದ.

ಊಟದ ವಿಷಯದಲ್ಲಿ ನನಗೆ ಪಾಠವೇ? ನಾನು ಕೈ ಎತ್ತಿ ತಡೆದೆ. “ಮುಚ್ಚಳ ಕೊಂಡುಹೋಗು ಮಾರಾಯ. ನಮ್ಮಲ್ಲಿ ಮುಚ್ಚಿಟ್ಟು ಉಣ್ಣುವ ಕ್ರಮ ಇಲ್ಲ.”

ಅಶ್ರಫ್ ಅಕ್ಷತಾಳ ಮುಖ ನೋಡಿದ. ಅಕ್ಷತಾ ಕಿಟಕಿಯ ಹೊರಗೆ ನೋಡಿದಳು. ಅವನು ನನ್ನ ಮುಚ್ಚಳವನ್ನು ಬಹಳ ಗೌರವದಿಂದ ಎರಡೂ ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋದ.

ಊಟ ಆರಂಭವಾಯಿತು. ಎರಡು ಬಟ್ಟಲಿನವರೆಗೆ ಅವರು ತಿನ್ನಲು ಕೊಟ್ಟ ಕಡ್ಡಿಗಳಿಗೆ ಮರ್ಯಾದೆ ಕೊಟ್ಟೆ. ಮೂರನೆಯದರಿಂದ ಬಟ್ಟಲನ್ನೇ ಬಾಯಿಗೆತ್ತಿ ಸುರ್ರನೆ ಎಳೆದೆ. ಸುಗುಣ ಕಣ್ಣು ಕೆಕ್ಕರಿಸಿದಳು. “ಶಬ್ದ ಮಾಡಬೇಡಿ.”

“ಮಾಡ್ಲಿ ಅಕ್ಕ. ಜಪಾನಲ್ಲಿ ಶಬ್ದ ಮಾಡಿ ತಿಂದ್ರೆ ಅಡುಗೆಯವನಿಗೆ ಖುಷಿ.”

ಮದುವೆಯಾದಂದಿನಿಂದ ನಾನು ಸಾರು ಹೀರುವ ಶಬ್ದದ ಬಗ್ಗೆ ಮನೆಯಲ್ಲಿ ವ್ಯಾಜ್ಯ ನಡೆಯುತ್ತಿದೆ. ಅದರ ತೀರ್ಪು ಕುಂಬಳೆಯಲ್ಲಿ, ನನ್ನ ಪರವಾಗಿ ಬಂತು. ಆ ಖುಷಿಯಲ್ಲೇ ಹದಿನೈದು ಬಟ್ಟಲು ಇಳಿಸಿದೆ. ನಾನು ಖಾಲಿ ಮಾಡಿ ಕೆಳಗಿಡುವಷ್ಟರಲ್ಲಿ ಅಶ್ರಫ್ ತಾನು ತಂದ ಬಟ್ಟಲಿನಿಂದ ಇನ್ನೊಂದು ತುತ್ತು ಹಾಕಿ, ಖಾಲಿಯಾದ ಆ ಬಟ್ಟಲನ್ನು ಲೆಕ್ಕಕ್ಕೆಂದು ಮೇಜಿನ ಬದಿಯಲ್ಲಿ ಪೇರಿಸುತ್ತಿದ್ದ.

ಸುಗುಣ ಹದಿನೆಂಟನೆಯದು ಮುಗಿಸಿ ಮುಚ್ಚಳ ಮುಚ್ಚಿದಳು. ಅಶ್ರಫ್ ಅವಳಿಗೆ ತಲೆಬಾಗಿ, ಅವಳನ್ನು ಬಿಟ್ಟು ಮುಂದೆ ಬಂದ. ಇಪ್ಪತ್ತೆರಡಕ್ಕೆ ಅಕ್ಷತಾಳೂ ಮುಚ್ಚಿದಳು. ಅವಳಿಗೂ ತಲೆಬಾಗಿದ. ಮೂವತ್ತೆಂಟರ ಹೊತ್ತಿಗೆ ನನಗೆ ಸಣ್ಣ ಸಂಶಯ ಬಂತು.

“ಅದು ಮುಚ್ಚಿದರೆ ಮತ್ತೆ ಬಡಿಸುದಿಲ್ವಾ?”

“ಅದನ್ನೇ ಅವರು ಹೇಳ್ಲಿಕ್ಕೆ ಹೊರಟದ್ದು. ನೀವು ಬಿಟ್ರೆ ತಾನೆ?” ಎಂದಳು ಸುಗುಣ.

“ಅಶ್ರಫ್, ಆ ಮುಚ್ಚಳ...”

“ಮುಚ್ಚಳ ಕೇಳಿದ್ರೆ ಸಾಕು ಅಂತ ಹೇಳಿದ ಹಾಗೆಯೇ, ಮಾವ” ಎಂದಳು ಅಕ್ಷತಾ. “ಪನ್ನೀರು.”

“...ಆ ಮುಚ್ಚಳದ ಬಣ್ಣ ಭಾರೀ ಚಂದ ಉಂಟು” ಎಂದೆ.

ಪರಿಸ್ಥಿತಿ ಹೀಗಿತ್ತು. ಬಡಿಸಿದ್ದನ್ನು ಬಿಟ್ಟು ಏಳುವಂತಿಲ್ಲ. ಎಲೆಯಲ್ಲಿ ಅನ್ನ ಬಿಟ್ಟವರಿಗೆ ಪಂಕ್ತಿಯ ನಡುವೆಯೇ ಬುದ್ಧಿ ಹೇಳಿದವನು ನಾನು. ಬಟ್ಟಲು ಖಾಲಿ ಮಾಡಿಯೇ ಏಳಬೇಕು. ಖಾಲಿ ಮಾಡಿದ ಕೂಡಲೇ ಅದು ತುಂಬುತ್ತದೆ. ನಾನು ಎರಡೂ ಕೈ ಅಡ್ಡ ಹಿಡಿದೆ. ಸೇಮಿಗೆ ಬೆರಳಿನ ಸಂದಿಯಿಂದ ಇಳಿಯಿತು. ಬಗ್ಗಿ ಬಟ್ಟಲನ್ನು ಎದೆಗೆ ಅವುಚಿಕೊಂಡೆ.

“ಪೆನ್ಶನ್ ಸರಿಯಾಗಿ ಬರ್ತಾ ಉಂಟಾ ಕಂಡಕ್ಟರ್ರೇ?” ಎಂದು ಕೇಳಿದ ಅಶ್ರಫ್.

ಪೆನ್ಶನ್ ವಿಷಯ ಕೇಳಿ ತಲೆ ಎತ್ತದ ಮನುಷ್ಯ ಉಂಟಾ? ನಾನು ತಲೆ ಎತ್ತಿದೆ. ನಲವತ್ತೊಂಬತ್ತು.

ನನ್ನ ವಿದ್ಯೆಯನ್ನು ನನ್ನ ಮೇಲೆಯೇ ಪ್ರಯೋಗಿಸುತ್ತಿದ್ದ. ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಹೊಟ್ಟೆ ಬಿರಿಯುತ್ತಿತ್ತು. ಅರುವತ್ತರ ಹೊತ್ತಿಗೆ ಅಂಗಿಯ ಕೆಳಗಿನ ಎರಡು ಗುಂಡಿ ಬಿಚ್ಚಿದೆ. ‘ಸಾ’ ಎಂಬ ಅಕ್ಷರ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಕಣ್ಣು ಮುಚ್ಚಿದೆ. ಗೇಟು ಕಂಡಿತು, ಪನ್ನೀರುದಾನಿ ಕಂಡಿತು, ಬಫೆಯ ಸಾಲಿನಲ್ಲಿ ಜನರು ತಾವೇ ಅರ್ಧ ಸೌಟು ಪಾಯಸ ಹಾಕಿಕೊಳ್ಳುವುದು ಕಂಡಿತು. ಅರ್ಧ ಸೌಟು! ನುಂಗಿದೆ. “ಹಾಕು” ಎಂದೆ.

“ಜಾಗ ಉಂಟಾ?”

“ಇನ್ನೂ ಜಾಗ ಉಂಟು. ಮುಂದೆ ಹೋಗಲಿ.”

ಎಪ್ಪತ್ನಾಲ್ಕನೆಯ ಬಟ್ಟಲು ಮುಗಿಸಿ ಕೆಳಗಿಟ್ಟೆ. ಏನೂ ಬೀಳಲಿಲ್ಲ. ಕಣ್ಣು ತೆರೆದು ನೋಡಿದರೆ ಅಶ್ರಫ್ ಸೇಮಿಗೆಯ ಖಾಲಿ ಬುಟ್ಟಿಯನ್ನು ಬೋರಲು ಹಿಡಿದು ನಿಂತಿದ್ದಾನೆ.

“ಮುಗೀತು ಕಂಡಕ್ಟರ್ರೇ. ಸಂಜೆಗೆ ಇಟ್ಟದ್ದೂ ಮುಗೀತು. ನಾನು ಸೋತೆ.”

ಪಕ್ಕದ ಮೇಜಿನವರು ಚಪ್ಪಾಳೆ ತಟ್ಟಿದರು. ಗೋಡೆಗೆ ಹಾಕಲೆಂದು ಅಶ್ರಫ್ ನನ್ನ ಫೋಟೋ ತೆಗೆದ. ಮಹಡಿಯ ಮೆಟ್ಟಿಲನ್ನು ನಾನು ಸನ್ಮಾನಿತರು ವೇದಿಕೆಯಿಂದ ಇಳಿಯುವ ಕ್ರಮದಲ್ಲೇ ಇಳಿದೆ, ಆಚೆ ಈಚೆ ಇಬ್ಬರು ಕೈ ಹಿಡಿದುಕೊಂಡು. ರಿಕ್ಷಾದಲ್ಲಿ ಕೂರಲು ನಡು ಬಗ್ಗದೆ ಹತ್ತು ನಿಮಿಷ ಬೇಕಾಯಿತು. ಆದರೂ ಗೆದ್ದೆ. ದಾರಿಯುದ್ದಕ್ಕೂ, “ಸೌಟು ನನ್ನದು” ಎಂದು ಹೇಳುತ್ತಲೇ ಬಂದೆನಂತೆ. ಆ ಫೋಟೋ ಈಗಲೂ ಅಲ್ಲಿದೆ. ಹೊಸಬರು ಅದನ್ನು ನೋಡಿ, “ಇವರು ತೀರಿಕೊಂಡದ್ದು ಯಾವಾಗ?” ಎಂದು ಕೇಳುತ್ತಾರೆ ಎಂಬುದು ಬೇರೆ ವಿಷಯ.

ಅಕ್ಷತಾ ಮಾತಿಗೆ ತಪ್ಪಲಿಲ್ಲ. ಮದುವೆಗೆ ಪಂಕ್ತಿಯೇ ಹಾಕಿಸಿದಳು. ಪ್ರತಿಯೊಂದು ಎಲೆಯ ಪಕ್ಕದಲ್ಲಿ ಅಡಿಕೆ ಹಾಳೆಯ ಒಂದು ಪುಟ್ಟ ತಟ್ಟೆ ಬೇರೆ ಇಟ್ಟಿದ್ದಳು. ನನ್ನ ಪಾಯಸಕ್ಕೆಂದೇ ಪ್ರತ್ಯೇಕ ತಟ್ಟೆ! ಈ ಕಾಲದ ಮಕ್ಕಳಿಗೂ ಹಿರಿಯರ ಮೇಲೆ ಎಷ್ಟು ಗೌರವ ಎಂದು ಕಣ್ಣು ತುಂಬಿ ಬಂತು. ಮೊದಲ ಸುತ್ತು ಎಲ್ಲರೂ ಒಂದೊಂದು ಸೌಟು ಹಾಕಿಸಿಕೊಂಡು ತಟ್ಟೆ ಖಾಲಿ ಮಾಡಿದರು. ಎರಡನೆಯ ಸುತ್ತಿಗೆ ಪಂಚೆ ಎತ್ತಿ ಕಟ್ಟಿ, ಸೌಟು ತುಂಬಿಸಿಕೊಂಡು ಹೆಡ್‌ಮಾಸ್ಟರ ಎದುರು ನಿಂತೆ.

ಹೆಡ್‌ಮಾಸ್ಟರು ಮುಗುಳ್ನಕ್ಕು ಹಾಳೆಯ ತಟ್ಟೆಯನ್ನು ಎಲೆಯ ಮೇಲೆ ಬೋರಲು ಹಾಕಿದರು.

ಪಕ್ಕದವರೂ ಹಾಕಿದರು. ಅವರ ಪಕ್ಕದವರೂ. ನಾನು ನಡೆದಂತೆ ಪಂಕ್ತಿಯುದ್ದಕ್ಕೂ ಟಪ್ ಟಪ್ ಎಂದು ತಟ್ಟೆಗಳು ಬೋರಲಾಗುತ್ತಾ ಹೋದವು. ನನ್ನ ಸ್ವಂತ ಹೆಂಡತಿಯೂ ಹಾಕಿದಳು, ಮೇಲಿಂದ ಕೈಯನ್ನೂ ಒತ್ತಿ ಹಿಡಿದಳು. ಅವಳ ಪಕ್ಕದಲ್ಲಿ ಒಂದೇ ಒಂದು ಎಲೆ ತೆರೆದಿತ್ತು. ಕೂತವರು ಯಾರೂ ಕಾಣಲಿಲ್ಲ, ಕೈ ತೊಳೆಯಲು ಹೋಗಿರಬೇಕು. ಇದ್ದ ಸಿಟ್ಟನ್ನೆಲ್ಲ ಅಲ್ಲಿ ತೀರಿಸಿಕೊಂಡೆ. ನಾಲ್ಕು ಸೌಟು, ತುಂಬಿ ತುಂಬಿ.

“ಮುಗೀತಾ? ಇನ್ನು ಕೂತುಕೊಳ್ಳಿ” ಎಂದಳು ಸುಗುಣ. “ಅದು ನಿಮಗೇ ಹಾಕಿಟ್ಟ ಎಲೆ.”

ಅಷ್ಟರಲ್ಲಿ ಯಾರೋ ಹಿಂದಿನಿಂದ ಬಂದು ನನ್ನ ಕೈಯಿಂದ ಸೌಟು ತೆಗೆದುಕೊಂಡರು. ತಿರುಗಿ ನೋಡಿದರೆ ಮದುವೆಗೆ ಬಂದಿದ್ದ ಅಶ್ರಫ್. ಕೂತುಕೊಂಡು ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ನನ್ನ ಎಲೆಯ ಪಕ್ಕದಲ್ಲಿ ಮಾತ್ರ ಹಾಳೆಯ ತಟ್ಟೆ ಇಟ್ಟಿರಲಿಲ್ಲ.

ಆ ದಿನ ನಾನು ಬಾಯಿಬಿಟ್ಟು ‘ಸಾಕು’ ಎಂದೆ. ಮೂರು ಸಲ ಎಂದೆ. ಯಾರಿಗೂ ಕೇಳಿಸಲಿಲ್ಲ.