ಫ್ಯಾನಿನ ಕೆಳಗಿನ ಕುರ್ಚಿ

ವಯಸ್ಸಾದವರು ಕೆಲಸ ಬಿಟ್ಟರೆ ದೇಶ ಮುಂದೆ ಬರುತ್ತದೆಯೋ, ಕೆಲಸದಲ್ಲೇ ಉಳಿದರೆ ಮುಂದೆ ಬರುತ್ತದೆಯೋ ಎಂಬುದು ದೊಡ್ಡ ದೊಡ್ಡವರು ತಲೆ ಕೆಡಿಸಿಕೊಂಡಿರುವ ಪ್ರಶ್ನೆ. ನನಗೆ ಮಾತ್ರ ಈ ವಿಷಯದಲ್ಲಿ ಯಾವತ್ತೂ ಸಂದೇಹ ಬಂದದ್ದಿಲ್ಲ. ಐವತ್ತೆರಡನೆಯ ವಯಸ್ಸಿನಲ್ಲಿ ನನಗೊಂದು ಖಚಿತವಾದ ಅಭಿಪ್ರಾಯವಿತ್ತು. ಈಗ ಐವತ್ತೆಂಟು ತುಂಬುತ್ತಿರುವಾಗಲೂ ಅಷ್ಟೇ ಖಚಿತವಾದ ಅಭಿಪ್ರಾಯವಿದೆ. ಎರಡೂ ಒಂದೇ ಅಲ್ಲ ಎನ್ನುವುದೊಂದೇ ತೊಡಕು.

ಆಗಿನ ಅಭಿಪ್ರಾಯವನ್ನು ನಾನು ನುಂಗಂಬಾಕ್ಕಂನ ನಮ್ಮ ಕಚೇರಿಯ ಪಕ್ಕದ ಕಾಫಿ ಹೋಟೆಲಿನಲ್ಲಿ ದಿನಾ ಸಾರುತ್ತಿದ್ದೆ. "ಹಣ್ಣೆಲೆ ಉದುರದೆ ಹೊಸ ಚಿಗುರು ಬರೋದುಂಟೇನ್ರೀ? ದೇಶದಲ್ಲಿ ಕಾರ್ಖಾನೆ ಏಳ್ತಾ ಇವೆ, ಅಣೆಕಟ್ಟು ಏಳ್ತಾ ಇವೆ, ನಮ್ಮ ಮುದುಕರು ಮಾತ್ರ ಕುರ್ಚಿ ಬಿಟ್ಟು ಏಳೋಲ್ಲ!" ಇಲ್ಲಿ ಹಣ್ಣೆಲೆ ಎಂದರೆ ನಮ್ಮ ಹೆಡ್‌ಕ್ಲರ್ಕ್ ಶ್ರೀನಿವಾಸಾಚಾರ್. ಚಿಗುರು ಎಂದರೆ ಅವರ ನಂತರ ಆ ಕುರ್ಚಿಗೆ ಬರಬೇಕಾಗಿದ್ದ ನಾನು. ಚಿಗುರಿನ ಮುಂದಿನ ಹಲ್ಲೆರಡು ಆಗಲೇ ಬಿದ್ದಿದ್ದವು ಎಂಬುದನ್ನು ಕೇಳುವವರು ಮರ್ಯಾದೆಗಾಗಿ ಎತ್ತಿ ಆಡುತ್ತಿರಲಿಲ್ಲ.

ಕುರ್ಚಿಯ ಮೇಲೆ ನನಗಿದ್ದದ್ದು ಅಧಿಕಾರದ ಆಸೆಯಲ್ಲ, ಗಾಳಿಯ ಆಸೆ. ನಮ್ಮ ಹಾಲಿನಲ್ಲಿ ಹಲವು ಫ್ಯಾನುಗಳಿದ್ದರೂ ಗಾಳಿ ಬೀಸುತ್ತಿದ್ದದ್ದು ಆಚಾರ್ ಅವರ ತಲೆಯ ಮೇಲಿನದೊಂದೇ. ನನ್ನ ತಲೆಯ ಮೇಲಿನದು ತಿರುಗುತ್ತಿತ್ತು, ಅಷ್ಟೆ. ಮದರಾಸಿನವರು ಕತ್ತರಿ ಎನ್ನುವ ಮೇ ತಿಂಗಳ ಬಿಸಿಲಿನಲ್ಲಿ ಬೆವರು ಒರೆಸಿಕೊಳ್ಳುತ್ತಾ, ಆಚಾರ್ ಅವರ ಮೇಜಿನ ಮೇಲೆ ಕಾಗದಗಳು ಪಟಪಟನೆ ಹಾರುವುದನ್ನೂ ಅವರು ಅವುಗಳ ಮೇಲೆ ಕಲ್ಲು ಹೇರುವುದನ್ನೂ ನೋಡುತ್ತಾ ನಾನು ವರ್ಷಗಳನ್ನೇ ಕಳೆದಿದ್ದೆ.

ಕೊನೆಗೂ ಅವರಿಗೆ ಐವತ್ತೈದು ತುಂಬಿತು. ನಿವೃತ್ತಿಯಾಗುವ ಹೆಡ್‌ಕ್ಲರ್ಕು ಬೀಳ್ಕೊಡುಗೆಯ ಸಂಜೆ ಮುಂದಿನವನ ಕೈಹಿಡಿದು ತಾನೇ ಕುರ್ಚಿಯಲ್ಲಿ ಕೂರಿಸುವುದು ನಮ್ಮ ಕಚೇರಿಯ ಪದ್ಧತಿ. ಆಮೇಲೆ ಹಾರ ಹಾಕಿದ ಮನುಷ್ಯನನ್ನು ಎಲ್ಲರೂ ಸೇರಿ ಕಾರಿನಲ್ಲಿ ಮನೆ ಮುಟ್ಟಿಸುವುದು, ಮನೆಯಾಕೆ ಆರತಿ ಎತ್ತುವುದು, ನಾವು ಬೋಂಡಾ ತಿಂದು ಬರುವುದು. ಈ ಶುಭ ಸಂದರ್ಭಕ್ಕೆಂದು ನನ್ನ ಹೆಂಡತಿ ನೀಲಿ ಮಖಮಲ್ಲಿನ ಒಂದು ಮೆತ್ತೆ ಹೊಲಿದುಕೊಟ್ಟಿದ್ದಳು. ಅದನ್ನು ಚೀಲದಲ್ಲಿ ಅಡಗಿಸಿಕೊಂಡು ಹೋಗಿದ್ದೆ.

ಭಾಷಣ ನನ್ನದೇ. ಹೋಗುವವರನ್ನು ಹೊಗಳಲು ಮಾತಿಗೇನು ಬಡತನ? ಆಚಾರ್ ಅವರ ಬೈಗುಳದಲ್ಲೂ ತಾಯಿಯ ಮಮತೆಯಿತ್ತು ಎಂದೆ. ಅವರಿಲ್ಲದ ಕಚೇರಿ ದೇವರಿಲ್ಲದ ಗುಡಿ ಎಂದೆ. "ಇನ್ನೂ ಹತ್ತು ವರ್ಷ ಇವರು ನಮ್ಮೊಡನೆ ಇರಬಾರದಿತ್ತೇ!" ಎಂದು ಗಂಟಲು ಗದ್ಗದಗೊಳಿಸಿಕೊಳ್ಳುವಷ್ಟರಲ್ಲಿ ಮ್ಯಾನೇಜರ ಕೋಣೆಯ ಟೆಲಿಫೋನು ಬಡಿದುಕೊಳ್ಳತೊಡಗಿತು. ಆಚಾರ್ ಅಂಗವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿದ್ದ ಹೊತ್ತು. ನನಗೆ ರೇಗಿತು. ಎತ್ತಿ ಕೆಳಗಿಡು ಎಂದು ಪ್ಯೂನ್ ಮುನುಸ್ವಾಮಿಗೆ ಕೈಸನ್ನೆ ಮಾಡಿದೆ. ಅವನು ಹಾಗೆಯೇ ರಿಸೀವರನ್ನು ಎತ್ತಿ ಮೇಜಿನ ಮೇಲೆ ಮಲಗಿಸಿದ. ಭಾಷಣ ಸಾಂಗವಾಗಿ ಮುಗಿಯಿತು. ಆಚಾರ್ ನನ್ನ ಕೈಹಿಡಿದು ಕೂರಿಸಿದರು. ಆ ಗಾಳಿಯ ಸುಖವನ್ನು ಬಣ್ಣಿಸಲು ನನಗೆ ಬಾರದು.

ಸೋಮವಾರ ಬೆಳಿಗ್ಗೆ ಮೆತ್ತೆ ಹಾಸಿ ಇನ್ನೂ ಸರಿಯಾಗಿ ಒರಗಿಯೂ ಇರಲಿಲ್ಲ, ಮ್ಯಾನೇಜರು ಕರೆಸಿದರು. ದಿಲ್ಲಿಯಿಂದ ಟ್ರಂಕ್‌ಕಾಲ್ ಬಂದಿತ್ತಂತೆ. ದೇಶ ಬೆಳೆಯುತ್ತಿರುವಾಗ ಅನುಭವಸ್ಥರನ್ನು ಮನೆಗೆ ಕಳಿಸುವುದು ದಂಡವೆಂದು ನಿವೃತ್ತಿಯ ವಯಸ್ಸನ್ನು ಐವತ್ತೆಂಟಕ್ಕೆ ಏರಿಸಿದ್ದಾರಂತೆ. ಆಚಾರ್‌ಗೂ ಅದು ಅನ್ವಯಿಸುತ್ತದಂತೆ. "ಶನಿವಾರ ಸಂಜೆಯೇ ಹೇಳೋಣ ಅಂತ ಮಾಡಿದರೆ ಲೈನು ಸಿಗಲೇ ಇಲ್ಲವಂತಲ್ಲ, ಯಾಕೆ?" ಎಂದರು ಮ್ಯಾನೇಜರು. ನಾನು ಬಾಗಿಲಲ್ಲಿ ನಿಂತಿದ್ದ ಮುನುಸ್ವಾಮಿಯ ಮುಖ ನೋಡಿದೆ. ಮುನುಸ್ವಾಮಿ ನನ್ನ ಮುಖ ನೋಡಿದ. ಆಮೇಲೆ ಇಬ್ಬರೂ ಫ್ಯಾನು ನೋಡಿದೆವು. ಅಂಥ ಭಾಷಣ ಮಾಡಿದವನೇ ಹೋಗಿ ಕರೆತರುವುದು ಚೆಂದವೆಂದು ಮ್ಯಾನೇಜರು ನನ್ನನ್ನೇ ಅಟ್ಟಿದರು.

ಆಚಾರ್ ಅವರ ಮನೆಯಿದ್ದ ತಿರುವಲ್ಲಿಕ್ಕೇಣಿಯ ಬಸ್ಸಿನಲ್ಲಿ ಕೂತು ನಾನು ಬೇರೆಯೇ ಒಂದು ಭಾಷಣವನ್ನು ಹೊಂಚಿಕೊಂಡೆ. ಹಾರ ಹಾಕಿಸಿಕೊಂಡು ಹೋದ ಮರ್ಯಾದಸ್ಥರು ಮತ್ತೆ ಅದೇ ಬಾಗಿಲಲ್ಲಿ ಬಂದರೆ ಜನ ಏನೆಂದಾರು, ಎಂದು ಮೆಲ್ಲನೆ ಮಾತು ತೆಗೆದರಾಯಿತು. ಆಚಾರ್ ಮಾನಿಷ್ಠರು, ತಾವಾಗಿಯೇ ಒಲ್ಲೆ ಎನ್ನುತ್ತಾರೆ. ಮೆತ್ತೆ ನನ್ನದಾಗಿಯೇ ಉಳಿಯುತ್ತದೆ.

ಆಚಾರ್ ಅವರ ತಾತ ಕೋಲಾರದ ಕಡೆಯಿಂದ ಬಂದು ಅಲ್ಲಿ ನೆಲೆಸಿದವರು. ಮನೆಯಲ್ಲಿ ಕನ್ನಡವೇ, ಒಗ್ಗರಣೆ ಮಾತ್ರ ತಮಿಳಿನದು. ಅವರ ಹೆಂಡತಿ, ನಾವೆಲ್ಲ ಮಾಮಿ ಎನ್ನುವವರು, ನನ್ನನ್ನು ಬಾಗಿಲಲ್ಲೇ ತಡೆದು ಪಿಸುಗುಟ್ಟಿದರು. "ಅಯ್ಯೋ, ವಾಪ್ಪಾ! ನಿನ್ನೆಯಿಂದ ಈ ಮನುಷ್ಯನ ಜತೆ ನಂಗೆ ಸಾಕಾಗಿ ಹೋಯ್ತು. ಡಬ್ಬಗಳನ್ನೆಲ್ಲ ಇಳಿಸಿ, ಬೇಳೆ ಎಲ್ಲಿರಬೇಕು, ಹುಣಸೆಹಣ್ಣು ಎಲ್ಲಿರಬೇಕು ಅಂತ ನಂಗೇ ಪಾಠ. ಪೂಜೆ ಗಂಟೆ ಬಾರ್ಸಿದ್ರಪ್ಪಾ, ಮಂಗಳಾರತಿ ಅಂತ ನಾನು ಕೈ ಮುಗ್ಕೊಂಡು ಓಡಿ ಬಂದ್ರೆ, ಕಾಪಿ ಬೇಕಂತೆ! ಎಪ್ಪಡಿಯಾದ್ರೂ ಕರ್ಕೊಂಡು ಹೋಗಿಬಿಡು, ನಿಂಗೆ ಪುಣ್ಯ ಬರತ್ತೆ."

ಮಾಮಿಗೆ ನಾನು ಕರಗಲಿಲ್ಲ. ಒಳಗೆ ಹೋದೆ. ಆಚಾರ್ ಈಸಿಚೇರಿನ ಅಂಚಿನಲ್ಲಿ ನೆಟ್ಟಗೆ ಕೂತಿದ್ದರು. ಕಚ್ಚೆಪಂಚೆ, ಕರೀ ಕೋಟು, ತಲೆಗೆ ರುಮಾಲು, ಪಕ್ಕದಲ್ಲಿ ತಿಂಡಿ ಡಬ್ಬಿ. ನನ್ನನ್ನು ಕಂಡು ನಾಚಿದರು. "ಶುಮ್ನೆ ಹಾಕ್ಕೊಂಡೆ ಕಣಪ್ಪಾ. ಹತ್ತು ಗಂಟೆ ಆಗ್ತಿದ್ದ ಹಾಗೆ ಕೈ ತಾನಾಗೇ ಕೋಟಿಗೆ ಹೋಗ್ಬಿಡ್ತು. ಡಬ್ಬಿ ಯಾಕೆ ಕಟ್ಟಿಸ್ಕೊಂಡೆ ಅಂತ ನಂಗೇ ತೆರಿಯೋಲ್ಲ," ಎಂದರು.

ಬಸ್ಸಿನಲ್ಲಿ ಹೊಂಚಿದ್ದ ಭಾಷಣವನ್ನು ಬಸ್ಸಿಗೇ ಬಿಟ್ಟೆ. ದಿಲ್ಲಿಯ ಸುದ್ದಿಯನ್ನು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ.

ಅವರು ಏಳಲಿಲ್ಲ. ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಗವರ್ನಮೆಂಟ್ ಹೇಳಿದ್ದು ಇರ್ಲಪ್ಪಾ. ಅವತ್ತು ನೀನು ಹೇಳಿದ್ಯಲ್ಲ, ಇನ್ನೂ ಹತ್ತು ವರ್ಷ ಇರಬಾರದಿತ್ತಾ ಅಂತ. ಅದು ನಿಜವಾ, ಶುಮ್ನೆ ಹೇಳಿದ್ಯಾ? ಅಷ್ಟು ಹೇಳು, ಸಾಕು."

ಫ್ಯಾನು ಕಣ್ಣ ಮುಂದೆ ಒಮ್ಮೆ ತಿರುಗಿತು. "ನಿಜ ಸಾರ್," ಎಂದೆ. ವಿಚಿತ್ರವೆಂದರೆ, ಆ ಕ್ಷಣದಲ್ಲಿ ಅದು ನಿಜವೂ ಆಗಿತ್ತು. ಆಚಾರ್ ರುಮಾಲನ್ನು ಮತ್ತೆ ತಲೆಗಿಟ್ಟುಕೊಂಡು ಡಬ್ಬಿ ಎತ್ತಿಕೊಂಡರು. ಮಾಮಿ ಒಳಗಿನಿಂದ ನನಗೊಂದು ಲೋಟ ಕಾಫಿ ತಂದರು. ಅಷ್ಟು ಗಟ್ಟಿ ಡಿಕಾಕ್ಷನ್ನಿನ ಕಾಫಿಯನ್ನು ಆ ಮನೆಯಲ್ಲಿ ಅದಕ್ಕೆ ಮೊದಲು ಕುಡಿದಿರಲಿಲ್ಲ.

ಕಚೇರಿಗೆ ಬಂದು ಕುರ್ಚಿಯಲ್ಲಿ ಕೂತವರೇ, "ಏನಪ್ಪಾ ಇದು, ಮೆತ್ತಗಿದೆಯೇ!" ಎಂದರು. "ನಮ್ಮನೇಲಿ ನಿಮಗೋಸ್ಕರ ಹೊಲಿದಿದ್ದು ಸಾರ್," ಎನ್ನದೆ ಇನ್ನೇನು ಹೇಳಲಿ? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ನಾನು ಹಲುಬಿದರೆ, ಮೆತ್ತೆ ಹೋಯಿತೆಂದು ನನ್ನ ಹೆಂಡತಿ ಅದಕ್ಕಿಂತ ಹೆಚ್ಚು ಹಲುಬಿದಳು. ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ಆಚಾರ್ ನನ್ನ ಭಾಷಣವನ್ನು ಅಕ್ಷರಶಃ ನಂಬಿದ್ದರು. ಡ್ರಾಫ್ಟಿನಲ್ಲಿ ತಪ್ಪು ಕಂಡರೆ ಹಾಲಿಗೆಲ್ಲ ಕೇಳುವಂತೆ ಬೈದು, "ತಾಯಿ ಮಮತೆ ಅಂದ್ಯಲ್ಲಪ್ಪಾ, ತೊಗೋ," ಎಂದು ಕಾಗದವನ್ನು ಹಿಂದಕ್ಕೆ ಎಸೆಯುತ್ತಿದ್ದರು. ಮೂರು ವರ್ಷ ನಾನು ಆ ಮಮತೆಯಲ್ಲಿ ಮಿಂದೆ. ಎರಡನೆಯ ಬೀಳ್ಕೊಡುಗೆಗೆ ಹೊಸ ಮಾತು ಹುಟ್ಟಲಿಲ್ಲ, ಹಳೆಯದನ್ನೇ ಹೇಳಿದೆ, ಹತ್ತು ವರ್ಷದ ಆ ಒಂದು ವಾಕ್ಯವನ್ನು ಬಿಟ್ಟು. ಕುರ್ಚಿ ಬಂತು. ಮೆತ್ತೆಯೂ ಬಂತು, ದೋಸೆಯಷ್ಟು ತೆಳ್ಳಗಾಗಿ.

ಈಗ ನನ್ನ ಸರದಿ, ಬರುವ ಶನಿವಾರ. ಅನುಭವಸ್ಥರನ್ನು ಮನೆಗಟ್ಟಿದರೆ ದೇಶ ಉದ್ಧಾರವಾಗುವುದುಂಟೇ ಎಂದು ಅದೇ ಕಾಫಿ ಹೋಟೆಲಿನಲ್ಲಿ ಕೇಳುತ್ತಿದ್ದೇನೆ. ನನ್ನ ನಂತರದ ವೆಂಕಟರಾಯ ಅಲ್ಲಿಯೇ ಇನ್ನೊಂದು ಮೇಜಿನಲ್ಲಿ ಹಣ್ಣೆಲೆಯ ವಿಷಯ ಮಾತಾಡುತ್ತಿರುತ್ತಾನೆ. ನಿನ್ನೆ ಮುನುಸ್ವಾಮಿಯನ್ನು ಗುಟ್ಟಾಗಿ ಕರೆದು, "ಶನಿವಾರ ಸಂಜೆ ಫೋನು ಬಡಿದರೆ ಯಾರು ಕೈಸನ್ನೆ ಮಾಡಿದರೂ ನೋಡಬೇಡ, ಮೊದಲು ಎತ್ತಿ ಹಲೋ ಅನ್ನು," ಎಂದೆ. ಅವನು ತಲೆ ಕೆರೆದುಕೊಂಡ. "ಸರಿ ಸಾರ್. ಆದ್ರೆ ವೆಂಕಟರಾಯರ್ ಸಾರ್ ಮುಂಚೇನೇ ಬಂದು, ಎತ್ತಿ ಕೆಳಗಿಡು ಅಂತ ಸೊಲ್ಲಿಬಿಟ್ರು," ಎಂದ. ಅವನ ಮೇಲೆ ಸಿಟ್ಟಾಗಲೂ ಬಾಯಿಲ್ಲ, ಆ ಕೆಲಸ ಕಲಿಸಿದವನು ನಾನೇ.

ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ದೇವರಾದರೂ ದಿಲ್ಲಿಗೆ ಒಂದು ಮಾತು ಹೇಳಲಿ ಎಂದು ಪೂಜೆಗೆ ಕೂತರೆ ಗಂಟೆ ಕಾಣಲಿಲ್ಲ. "ಗಂಟೆ ಎಲ್ಲೇ?" ಎಂದು ಕೂಗಿದೆ.

"ಟ್ರಂಕಿನಲ್ಲಿಟ್ಟು ಬೀಗ ಹಾಕಿದೀನಿ," ಎಂದಳು ಹೆಂಡತಿ ಅಡಿಗೆಮನೆಯಿಂದ. "ಕಾಫಿ ಬೇಕಿದ್ದರೆ ಎದ್ದು ಬಂದು ಕೇಳೋದು ಈಗಿನಿಂದಲೇ ಅಭ್ಯಾಸ ಆಗಲಿ."